ದಸರಾ ರಜೆಗೆ ಬಿಡದಿಯಾ, ಮೈಸೂರಾ, ಹೈದರಾಬಾದಾ? ಯಾವ ಪಾರ್ಕು, ಯಾವಾಗ?

ದಾವಣಗೆರೆ_ಬೆಣ್ಣೆ
ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಮಕ್ಕಳನ್ನ ಯಾವುದಾದ್ರೂ ಪಾರ್ಕಿಗೆ ಕರ್ಕೊಂಡು ಹೋಗ್ಬೇಕು ಅಂತ ಮನೇಲಿ ತೀರ್ಮಾನ ಆಗಿದೆ. ನನ್ನನ್ನ ಕೇಳಿ ಆದ ತೀರ್ಮಾನ ಅಲ್ಲ ಬಿಡಿ. ನಾನು, ನನ್ನಾಕೆ, ಹತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು, ಮಂಡಿನೋವಿನ ಅಮ್ಮ, ಜೊತೆಗೆ ಡಿಗ್ರಿ ಓದ್ತಿರೋ ಬಾಮೈದ.

ಮಗನಿಗೆ ಬಿಡದಿಯ ವಂಡರ್‌ಲಾ ಆಗ್ಬೇಕು, ಕ್ಲಾಸಲ್ಲಿ ಅರ್ಧ ಜನ ಹೋಗಿ ಬಂದಿದಾರಂತೆ. ಬಾಮೈದ ಮಹಾರಾಷ್ಟ್ರದ ಖೊಪೋಲಿಯ ಇಮ್ಯಾಜಿಕಾ ಪಾರ್ಕ್ ಬಿಟ್ಟು ಬೇರೆ ಮಾತೇ ಆಡ್ತಿಲ್ಲ. ನನ್ನಾಕೆಗೆ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ. ಅಮ್ಮ ಮಾತ್ರ "ಮೈಸೂರಿಗೆ ಹೋಗಾಣ, ಚಾಮುಂಡಿ ದರ್ಶನನೂ ಆಗುತ್ತೆ" ಅಂತಾರೆ. ಎಲ್ಲಿಗೆ ಹೋಗೋದು ವಾಸಿ? ದಸರಾದಲ್ಲಿ ನೂಕುನುಗ್ಗಲು ಹೆಂಗಿರುತ್ತೆ? ಹೋಗಿ ಬಂದೋರು ಹೇಳಿ.

ಕೆಂಗೇರಿ_ಕಿಟ್ಟಿ
ದಸರಾ ರಜೆಗೆ ಮಾತ್ರ ಬೇಡ ಸಾರ್. ಮುಗೀತು.

ಕೋಸ್ಟರ್_ಕುಮಾರ
ನಿಮ್ಮ ಬಾಮೈದನ ಆಯ್ಕೆಗೆ ನನ್ನ ಓಟು. ಇಮ್ಯಾಜಿಕಾದ ನೈಟ್ರೋ ಅನ್ನೋ ರೋಲರ್ ಕೋಸ್ಟರಲ್ಲಿ ಕಾಲ ಕೆಳಗೆ ನೆಲವೇ ಇರಲ್ಲ, ಕಾಲು ಗಾಳಿಯಲ್ಲಿ ತೂಗಾಡ್ತಿರುತ್ತೆ, ಐದು ಸಲ ತಲೆಕೆಳಗಾಗಿಸುತ್ತೆ. ಬಿಡದಿಯ ರಿಕಾಯಿಲ್ ಕೋಸ್ಟರ್ ಬೇರೆ ಜಾತಿ. ಮೊದಲು ಹಿಮ್ಮುಖವಾಗಿ ಎಳೆದು ಮೇಲೆ ತಗೊಂಡು ಹೋಗಿ ಬಿಟ್ಟುಬಿಡುತ್ತೆ, ಆ ತುದಿ ಮುಟ್ಟಿದ ಮೇಲೆ ಅದೇ ಹಳಿಯಲ್ಲಿ ಹಿಂದಕ್ಕೆ. ಮುಂದಕ್ಕೆ ಹೋಗುವಾಗ ಕಣ್ಣಿಗೆ ಕಾಣುತ್ತಲ್ಲ, ಹಂಗಾಗಿ ಮೈ ತಯಾರಾಗಿರುತ್ತೆ. ವಾಪಸ್ ಬರುವಾಗ ಏನೂ ಕಾಣಲ್ಲ, ಹೊಟ್ಟೆ ತೊಳಸೋದು ಅಲ್ಲೇ.

ಪುಣೆ_ಪುಟ್ಟಣ್ಣ
ಕುಮಾರ, ಮಂಡಿನೋವಿನ ಅಮ್ಮ, ನಾಲ್ಕು ವರ್ಷದ ಕೂಸು ಅಂತ ಬರೆದಿದಾರೆ, ಓದಿದಿಯೋ ಇಲ್ಲವೋ?

ದಾವಣಗೆರೆಯವರೇ, ನಾನು ಪುಣೆಯಲ್ಲಿರೋನು. ಖೊಪೋಲಿ ನಮಗೆ ಹತ್ತಿರ, ನಿಮಗಲ್ಲ. ಬೆಳಗಾವಿ, ಕೊಲ್ಹಾಪುರ, ಸಾತಾರ, ಪುಣೆ ಎಲ್ಲ ದಾಟಿ, ಆಮೇಲೆ ಲೋಣಾವಳದ ಘಾಟಿ ಇಳಿದರೆ ಸಿಗುತ್ತೆ. ಒಂದು ದಿನದ ಆಟಕ್ಕೆ ಹೋಗೋಕೊಂದು ದಿನ, ಬರೋಕೊಂದು ದಿನ. ಸಹ್ಯಾದ್ರಿಯ ಮಳೆ ಜೂನಿಂದ ಸೆಪ್ಟೆಂಬರ್‌ವರೆಗೂ ಬಿಡಲ್ಲ, ಆ ಶನಿವಾರ-ಭಾನುವಾರಗಳಲ್ಲಿ ಮುಂಬೈ-ಪುಣೆಯವರೆಲ್ಲ ಲೋಣಾವಳಕ್ಕೇ ಬಂದು ಎಕ್ಸ್‌ಪ್ರೆಸ್‌ವೇ ಕಟ್ಟಿಕೊಂಡುಬಿಡುತ್ತೆ. ಬಾಮೈದನಿಗೆ ಗೆಳೆಯರ ಜೊತೆ ಹೋಗೋಕೆ ಹೇಳಿ. ರಾತ್ರಿ ಬಸ್ಸಿಗೆ ಬಂದರೆ ಮುಗೀತು, ಆ ವಯಸ್ಸಿಗೆ ಅದೇ ಮಜಾ.

ಧಾರವಾಡ_ಪೇಢೆ
ನಮ್ಮ ಕಡೆಯವರ ಹಣೇಬರಹನs ಇಷ್ಟು ನೋಡ್ರಿ. ದೊಡ್ಡ ಪಾರ್ಕ್ ಅಂದ್ರ ಬೆಂಗಳೂರಿಗರೆ ಇಳೀಬೇಕು, ಇಲ್ಲಾ ಪುಣೆ ದಾಟಬೇಕು. ಹುಬ್ಬಳ್ಳಿ-ಧಾರವಾಡದ ನಡುವ ಒಂದು ಯಾಕ ಆಗಬಾರದು ಅಂತ ಕೇಳಿದ್ರ "ಮಂದಿ ಬರೂದಿಲ್ಲ" ಅಂತಾರ. ಜಾತ್ರಿಗೆ ಬರೂ ಮಂದಿ ಎಲ್ಲಿಂದ ಬರ್ತಾರ ಹಂಗಾರ?

ನಿಮಗ ಒಂದು ಮಾತು ಹೇಳ್ತೀನಿ. ದಾವಣಗೆರೆಯಿಂದ ಹುಬ್ಬಳ್ಳಿ ಕಡೆ ಬರೂವಾಗ ಶಿಗ್ಗಾವಿ ಹತ್ತರ ಗೊಟಗೋಡಿಯೊಳಗ ಉತ್ಸವ ರಾಕ್ ಗಾರ್ಡನ್ ಐತಿ. ಕಲಾವಿದ ಸೊಲಬಕ್ಕನವರ ಅವರು ಮಾಡಿದ್ದು. ತಿರುಗೂ ಆಟ ಇಲ್ಲ, ಆದ್ರ ಹಳ್ಳಿ ಬದುಕಿನ ಗೊಂಬಿ ಹೆಂಗ ನಿಲ್ಲಿಸ್ಯಾರಂದ್ರ ನಿಮ್ಮ ಅವ್ವಗ ಪಕ್ಕಾ ಹಿಡಸ್ತೈತಿ. ಕುಲುಮಿ ಮುಂದ ಕುಂತ ಕಮ್ಮಾರನ್ನ ನೋಡಿ ನಮ್ಮ ಅಜ್ಜಿ "ಏ, ಇಂವಾ ಮಾತಾಡವಲ್ಲ ಯಾಕ" ಅಂದಿದ್ಳು. ಅರ್ಧ ದಿನಕ್ಕ ಸಾಕು.

ಟೀಚರಮ್ಮ
ಯಾವಾಗ ಹೋಗಬೇಕು ಅನ್ನೋದಕ್ಕೆ ಶಾಲೆಯೊಳಗಿಂದ ಕೆಲವು ವಿಷಯ ಹೇಳ್ತೀನಿ.

"ವಾರದ ದಿನ ಹೋದ್ರೆ ಖಾಲಿ ಇರುತ್ತೆ" ಅಂತ ಎಲ್ಲರೂ ಹೇಳ್ತಾರೆ. ನವೆಂಬರ್, ಡಿಸೆಂಬರಲ್ಲಿ ಈ ಮಾತು ನಂಬಬೇಡಿ. ಅದು ಶಾಲಾ ಪ್ರವಾಸದ ಕಾಲ. ಪ್ರವಾಸಗಳನ್ನ ಡಿಸೆಂಬರ್ ಒಳಗೆ ಮುಗಿಸಿ ಅಂತ ಇಲಾಖೆಯಿಂದ ಸುತ್ತೋಲೆ ಬರುತ್ತೆ, ಹಾಗಾಗಿ ಎಲ್ಲ ಶಾಲೆಗಳೂ ಆ ಎರಡು ತಿಂಗಳಲ್ಲೇ ಬಸ್ ಹತ್ತಿಸ್ತೀವಿ. ಅದೂ ಮಂಗಳವಾರ, ಬುಧವಾರ, ಗುರುವಾರ ನೋಡಿಕೊಂಡೇ ಹೊರಡ್ತೀವಿ, ಯಾಕಂದ್ರೆ ಗುಂಪಿನ ದರ ಕಡಿಮೆ ಸಿಗೋದು ಆ ದಿನಗಳಲ್ಲೇ. ಬುಧವಾರ ಖಾಲಿ ಇರುತ್ತೆ ಅಂತ ನೀವು ಹೋದ್ರೆ ಒಂದೇ ಬಣ್ಣದ ಟೋಪಿ ಹಾಕ್ಕೊಂಡಿರೋ ಸಾಲು ಸಾಲು ಮಕ್ಕಳು ನಿಮಗಿಂತ ಮುಂದಿರ್ತಾರೆ. ಆ ಸಾಲಿನ ಕೊನೇಲಿ ತಲೆ ಎಣಿಸ್ತಾ ನಿಂತಿರೋಳು ನಾನೇ.

ಸಂಕ್ರಾಂತಿ ಕಳೆದ ಮೇಲೆ ಚಿತ್ರ ಬೇರೆ. ಜನವರಿ ಕೊನೆ, ಫೆಬ್ರವರಿ ಅಂದ್ರೆ ಎಲ್ಲರ ಮನೇಲೂ ಪರೀಕ್ಷೆ ಚಿಂತೆ. ಪಾರ್ಕ್ ಬಿಕೋ ಅಂತಿರುತ್ತೆ.

ದಸರಾದಲ್ಲೇ ಹೋಗ್ತೀವಿ ಅಂದ್ರೆ ಒಂದು ಉಪಾಯ ಇದೆ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ರಜೆ ಜಾಸ್ತಿ, ಬೆಂಗಳೂರಿನ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಬಹಳಷ್ಟಕ್ಕೆ ಕಮ್ಮಿ. ನಿಮಗೆ ರಜೆ ಇದ್ದು ಅವರಿಗೆ ಇಲ್ಲದ ದಿನ ಹುಡುಕಿ. ಆಯುಧಪೂಜೆಯಿಂದ ಮುಂದಿನ ಭಾನುವಾರದವರೆಗೆ ಆ ಕಡೆ ತಲೆ ಹಾಕಬೇಡಿ.

ದಾವಣಗೆರೆ_ಬೆಣ್ಣೆ
ಟೀಚರಮ್ಮ, ಇದು ಬಂಗಾರದಂಥ ಮಾತು. ಆದ್ರೆ ಫೆಬ್ರವರೀಲಿ ಶಾಲೆ ತಪ್ಪಿಸಿ ಕರ್ಕೊಂಡು ಹೋಗಿ ಅಂತ ಒಬ್ಬ ಟೀಚರೇ ಹೇಳ್ತಿರೋದಾ!

ಟೀಚರಮ್ಮ
ನಾಲ್ಕನೇ, ಐದನೇ ಕ್ಲಾಸಿನ ಮಗು ಒಂದು ಶುಕ್ರವಾರ ಬರಲಿಲ್ಲ ಅಂದ್ರೆ ಆಕಾಶ ಏನೂ ಕಳಚಿ ಬೀಳಲ್ಲ. ಜ್ವರ ಅಂತ ಸುಳ್ಳು ಚೀಟಿ ಮಾತ್ರ ಕಳಿಸಬೇಡಿ. ಸೋಮವಾರ ಬಂದು ಎಲ್ಲ ಆಟದ ಕಥೆಯನ್ನೂ ಆ ಮಗುವೇ ಹೇಳುತ್ತೆ.

ಅಜ್ಜಿಮನೆ_ಹುಡುಗ
ನಾನು ಒಪ್ಪಲ್ಲ. ಶಾಲೆ ತಪ್ಪಿಸೋದನ್ನ ನಾವೇ ಹೇಳಿಕೊಟ್ಟರೆ ಮುಂದೆ ಅವರೇ ನಮಗೆ ಹೇಳಿಕೊಡ್ತಾರೆ. ರಜೆ ಇರೋದು ಯಾಕೆ ಮತ್ತೆ?

ಮಳೆಮಾಪಕ
ಎಲ್ಲರೂ ರಜೆ ಲೆಕ್ಕ ಹಾಕ್ತಿದೀರಿ, ಆಕಾಶ ನೋಡೋರು ಯಾರೂ ಇಲ್ಲ. ಬೆಂಗಳೂರಿನ ಸುತ್ತ ಹೆಚ್ಚು ಮಳೆ ಬರೋದು ಜೂನ್-ಜುಲೈಯಲ್ಲಿ ಅಲ್ಲ, ಸೆಪ್ಟೆಂಬರ್-ಅಕ್ಟೋಬರಲ್ಲಿ. ಮುಂಗಾರಿನ ಮೋಡ ಘಟ್ಟದ ಆ ಕಡೆನೇ ಬಹುಪಾಲು ಸುರಿಸಿ ಬರುತ್ತೆ, ಜೂನ್-ಜುಲೈಗೆ ಇಲ್ಲಿ ಸಿಗೋದು ಜಡಿಮಳೆ, ಗಾಳಿ, ಮೋಡ. ದಸರಾ ಹೊತ್ತಿನ ಮಳೆ ಹಾಗಲ್ಲ. ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನ ಮೂರರ ಮೇಲೆ ಗುಡುಗು ಮಿಂಚು. ಮಿಂಚು ಶುರುವಾದ್ರೆ ಎತ್ತರದ ಆಟ ಎಲ್ಲ ನಿಲ್ಲಿಸ್ತಾರೆ, ನಿಲ್ಲಿಸಲೇಬೇಕು. ಟಿಕೆಟ್ ದುಡ್ಡು ಕೊಟ್ಟು ತಗಡಿನ ಸೂರಿನ ಕೆಳಗೆ ನಿಂತ್ಕೊಂಡು ಜೋಳ ತಿನ್ನಬೇಕಾಗುತ್ತೆ.

ನನ್ನ ಪ್ರಕಾರ ಬಿಡದಿ, ಮೈಸೂರಿಗೆ ಸರಿಯಾದ ಕಾಲ ಜೂನ್ ಮಧ್ಯದಿಂದ ಜುಲೈ. ಶಾಲೆ ಆಗಷ್ಟೇ ಶುರುವಾಗಿರುತ್ತೆ, ಬೇಸಿಗೆ ರಜೆಯ ಗುಂಪು ಕರಗಿರುತ್ತೆ, ಬಿಸಿಲಿಲ್ಲ. ಕೊಚ್ಚಿಯ ಪಾರ್ಕಿಗೆ ಇದೇ ಲೆಕ್ಕ ಹಾಕಬೇಡಿ, ಅಲ್ಲಿ ಜೂನ್-ಜುಲೈ ಅಂದ್ರೆ ಕೊಡೆ ತಿರುಗಿಸಿ ಹಾಕೋ ಮಳೆ.

ಕೆಂಗೇರಿ_ಕಿಟ್ಟಿ
ಜುಲೈಲಿ ನೀರಿಗಿಳಿದು ಎದ್ದರೆ ಆ ಗಾಳಿಗೆ ಹಲ್ಲು ಕಟಕಟ ಅನ್ನುತ್ತೆ ಗುರು. ರೇನ್ ಡಿಸ್ಕೋದಲ್ಲಿ ಬೆಚ್ಚಗಿನ ನೀರು ಬೀಳುತ್ತಲ್ಲ, ಎಲ್ಲರೂ ಅಲ್ಲೇ ಠಿಕಾಣಿ. ಹಾಡಿಗೆ ಕುಣಿಯೋರಿಗಿಂತ ಚಳಿಗೆ ನಡುಗೋರೇ ಜಾಸ್ತಿ.

ಕಲಬುರ್ಗಿ_ತೊಗರಿ
ಹೈದರಾಬಾದಿನ ಮಾತು ಯಾರೂ ಎತ್ತವಲ್ರಿ ಅಂತ ಬಂದೀನ್ರಿ. ನಮಗ ಬೆಂಗಳೂರಕಿಂತ ಹೈದರಾಬಾದs ಸನೇ. ಅಲ್ಲಿ ವಂಡರ್‌ಲಾ 2016ರಾಗ ಸುರು ಆಗೇದ, ರಾವಿರ್ಯಾಲದಾಗ, ಔಟರ್ ರಿಂಗ್ ರೋಡಿನ ಬಾಜೂಕs. ಊರೊಳಗ ಹೊಗೂದs ಬ್ಯಾಡ. ಆದ್ರ ಏಪ್ರಿಲ್-ಮೇ ಹೋದ್ರ ಹೆಂಚಿನ ಮ್ಯಾಲ ನಡದಂಗ ಆಗ್ತದ. ಚಪ್ಪಲ್ ಬಿಟ್ಟು ನೀರಿನ ಆಟಕ್ಕ ಹೋಗೂ ದಾರ್ಯಾಗ ಅಂಗಾಲು ಸುಟ್ಟು ಹಾರಾಡ್ಕೋತ ಓಡಬೇಕು. ನವೆಂಬರದಿಂದ ಫೆಬ್ರವರಿ ಛಲೋ.

ರಾಮೋಜಿ ಫಿಲ್ಮ್ ಸಿಟಿ ಅಂದ್ರ ಬ್ಯಾರೇನs. 1996ರಾಗ ಆಗಿದ್ದು, ಜಗತ್ತಿನಾಗs ದೊಡ್ಡ ಫಿಲ್ಮ್ ಸ್ಟುಡಿಯೋ ಅಂತ ಗಿನ್ನೆಸ್‌ನಾಗ ಅದ. ಬಸ್ಸಿನಾಗ ಕೂಡಿಸಿ ಸೆಟ್ಟು ತೋರಸ್ತಾರ. ನಿಮ್ಮ ಅವ್ವಾರಿಗೆ ಅಷ್ಟು ತ್ರಾಸ ಆಗಲ್ಲ, ಆದ್ರ ಇಳದು ನಡೆಯೂದು ಅದ. ಹುಡಗ ಮಾತ್ರ "ಆಟ ಎಲ್ಲದಾವ" ಅಂತ ಕೇಳ್ತಾನ.

ಕುಡ್ಲದ_ಮೀನು
ಕರಾವಳಿಯವರು ಬಾಯಿ ಮುಚ್ಚಿ ಕೂತಿದ್ದೇವೆ ಅಂತ ಎಣಿಸಬೇಡಿ ಮಾರಾಯ್ರೆ. ನಮಗೆ ಮಂಗಳೂರಿನ ಪಿಲಿಕುಳದಲ್ಲಿ ಮಾನಸ ಪಾರ್ಕ್ ಉಂಟು, ಸಣ್ಣದು, ಪುಟ್ಟ ಮಕ್ಕಳಿಗೆ ಧಾರಾಳ ಸಾಕು. ಪಕ್ಕದಲ್ಲೇ ಮೃಗಾಲಯವೂ ಉಂಟಲ್ಲ, ಅಜ್ಜಿಗೂ ಆಯ್ತು, ಕೂಸಿಗೂ ಆಯ್ತು.

ದೊಡ್ಡದು ಬೇಕಿದ್ದರೆ ನಾವು ಬೆಂಗಳೂರಿಗೆ ಹೋಗುವುದೇ ಇಲ್ಲ. ಶಿರಾಡಿ ಘಾಟಿಯಲ್ಲಿ ಸೊಂಟ ಮುರಿಸಿಕೊಳ್ಳುವುದು ಯಾರಿಗೆ ಬೇಕು? ಬೆಳಗ್ಗೆ ರೈಲು ಹತ್ತಿ ಕಣ್ಣೂರಿಗೆ ಹೋಗಿ, ಅಲ್ಲಿಂದ ಪರಶ್ಶಿನಿಕಡವಿನ ವಿಸ್ಮಯ ಪಾರ್ಕ್. ಸಹಕಾರಿ ಸಂಸ್ಥೆಯದ್ದು ಅದು. ಮಳೆಗಾಲದ ನೀರನ್ನು ದೊಡ್ಡ ಹೊಂಡದಲ್ಲಿ ಹಿಡಿದಿಟ್ಟು ಆಟಕ್ಕೆ ಬಳಸುತ್ತಾರೆ. ಹತ್ತಿರವೇ ಮುತ್ತಪ್ಪನ ದೇವಸ್ಥಾನ, ಹೊಳೆ ಬದಿಯಲ್ಲಿ. ಅಲ್ಲಿ ತೆಯ್ಯಂ, ನಮ್ಮ ಭೂತಕೋಲದ ಹಾಗೆ, ಅದನ್ನು ನೋಡಲು ಕಾಲ ಕಾಯಬೇಕಂತ ಇಲ್ಲ, ಹೆಚ್ಚುಕಡಿಮೆ ದಿನಾ ಇರ್ತದೆ. ದಾವಣಗೆರೆಯವರ ಅಮ್ಮನಿಗೆ ದೇವರ ದರ್ಶನ ಬೇಕು ಅಂತಲ್ವಾ, ಇಲ್ಲಿಯೂ ಉಂಟು. ಓಣಂ ವಾರ ಬಿಟ್ಟು ಬನ್ನಿ, ಆಯ್ತಾ.

ಸಕ್ಕರೆ_ಸೀಮೆ
ಮೈಸೂರಿಗೆ ಹೋಯ್ತೀರಾ ಅಂದ್ರೆ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಐತಲ್ಲಣ್ಣ, ಕೆಆರ್‌ಎಸ್ ರೋಡಲ್ಲಿ, ಮೇಟಗಳ್ಳಿ ಹತ್ರ. ಬಿಡದಿಯಷ್ಟು ದೊಡ್ದಲ್ಲ, ಒಂದೇ ದಿನದಲ್ಲಿ ಎಲ್ಲ ಆಡಿ ಮುಗಿಸ್ಬೋದು. ಬಿಡದೀಲಿ ಸಂಜೆ ಆದ್ರೂ ಏನಾರ ಒಂದು ಬಾಕಿ ಉಳ್ಕತದೆ, ಹೈಕ್ಳು ಮುಖ ಊದಿಸ್ಕಂಡ್ ಬತ್ತವೆ.

ದಸರಾದಲ್ಲಿ ಮಾತ್ರ ಮೈಸೂರಲ್ಲಿ ರೂಮು ಸಿಗಕಿಲ್ಲ, ಸಿಕ್ಕುದ್ರೂ ರೇಟ್ ಕೇಳಿ ಎದೆ ಹಿಡ್ಕಬೇಕು. ಆದ್ರೆ ಆವಾಗ ಅರಮನೆ ಎದುರ್ಗೆ ದೊಡ್ಡಕೆರೆ ಮೈದಾನದಲ್ಲಿ ವಸ್ತುಪ್ರದರ್ಶನ ಇರ್ತದೆ ನೋಡಿ. ತೊಟ್ಟಿಲು, ಕೊಲಂಬಸ್ಸು, ಡೆಲ್ಲಿ ಹಪ್ಪಳ, ಎಲ್ಲ ಅಲ್ಲೇ. ನಾಕು ವರ್ಷದ ಮಗೀಗೆ ಇನ್ನೇನ್ ಬೇಕು ಬುಡಿ.

ಅಜ್ಜಿಮನೆ_ಹುಡುಗ
ಅದನ್ನೇ ನಾನೂ ಹೇಳೋಕೆ ಬಂದಿದ್ದು. ದಾವಣಗೆರೆಯವರಿಗೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಇಲ್ವಾ? ಅಲ್ಲಿ ತೊಟ್ಟಿಲು ಹತ್ತಿಸಿ, ಮಂಡಕ್ಕಿ ಮಿರ್ಚಿ ತಿನ್ನಿಸಿ. ನೂರಿನ್ನೂರರಲ್ಲಿ ಮುಗಿಯೋದಕ್ಕೆ ಸಾವಿರಾರು ರೂಪಾಯಿ ಯಾಕೆ ಸುರೀಬೇಕು?

ಕೋಸ್ಟರ್_ಕುಮಾರ
ಜಾತ್ರೆ ತೊಟ್ಟಿಲು ನನಗೂ ಇಷ್ಟ. ಆದ್ರೆ ಬೋಲ್ಟು ಯಾರು, ಯಾವಾಗ ನೋಡಿದ್ರು ಅಂತ ಕೇಳೋಕಾಗುತ್ತಾ? ಇವತ್ತು ಇಲ್ಲಿ ಬಿಚ್ಚಿ ನಾಳೆ ಇನ್ನೊಂದೂರಲ್ಲಿ ಕಟ್ಟೋದು. ದೊಡ್ಡ ಪಾರ್ಕಲ್ಲಿ ದಿನಾ ಬೆಳಗ್ಗೆ ಬಾಗಿಲು ತೆರೆಯೋ ಮುಂಚೆ ಖಾಲಿ ಬಂಡಿ ಓಡಿಸಿ ನೋಡ್ತಾರೆ. ದುಡ್ಡು ಹೋಗೋದು ಅದಕ್ಕೂ ಸೇರಿ.

ದುಡ್ಡಿನ ಮಾತು ಬಂತು ಅಂತ ಹೇಳ್ತೀನಿ, ಮೊದಲು ಈ ಟಿಕೆಟ್ ಮೇಲೆ ಜಿಎಸ್‌ಟಿ ಶೇ. 28 ಇತ್ತು, 2018ರ ಜನವರಿಯಲ್ಲಿ ಶೇ. 18ಕ್ಕೆ ಇಳಿಸಿದ್ರು. ಬಾಮೈದ ಕಾಲೇಜ್ ಐಡಿ ತರಲಿ, ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಬೇರೆ ದರ ಇರುತ್ತೆ. ಆನ್‌ಲೈನಲ್ಲಿ ಮುಂಚೆನೇ ತಗೊಳ್ಳಿ. ಫಾಸ್ಟ್ ಟ್ರ್ಯಾಕ್ ಟಿಕೆಟ್ ಅಂತ ಒಂದಿದೆ, ಉದ್ದ ಸಾಲಲ್ಲಿ ನಿಲ್ಲಬೇಕಾಗಿಲ್ಲ. ವಾರದ ದಿನ ಅದು ದಂಡ, ರಜಾ ದಿನ ಅದೇ ಆಧಾರ.

ಎರಡು_ಮಕ್ಕಳ_ತಾಯಿ
ಯಾರೂ ಹೇಳದ ಒಂದು ವಿಷಯ. ದಾವಣಗೆರೆಯವರೇ, ಮೊದಲು ಮಗನನ್ನ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ವಯಸ್ಸು ಎಷ್ಟಾದ್ರೂ ಇರಲಿ, ಈ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ಟೂ ಎತ್ತರದ ಮೇಲೆ, ಆಟಗಳೂ ಎತ್ತರದ ಮೇಲೆ. ವಂಡರ್‌ಲಾದಲ್ಲಿ ಜೋರು ಆಟಗಳಿಗೆ 140 ಸೆಂಟಿಮೀಟರ್ ಬೇಕು. ಆಟದ ಬಾಗಿಲಲ್ಲೇ ಅಳತೆಯ ಪಟ್ಟಿ ಇರುತ್ತೆ. ಮುಕ್ಕಾಲು ಗಂಟೆ ಸಾಲಲ್ಲಿ ನಿಂತು, ಬಾಗಿಲು ತಲುಪಿ, ಅಲ್ಲಿ ಸಿಬ್ಬಂದಿ ತಲೆ ಮೇಲೆ ಕೈಯಿಟ್ಟು "ಇಲ್ಲ ಪುಟ್ಟಾ" ಅಂದಾಗ ನನ್ನ ದೊಡ್ಡವಳ ಮುಖ ನೋಡಬೇಕಿತ್ತು. ಆಮೇಲೆ ಐಸ್‌ಕ್ರೀಮ್ ಕೊಡಿಸಿದ್ರೂ ಸಮಾಧಾನ ಆಗಲಿಲ್ಲ.

ಇನ್ನು ಬಟ್ಟೆ. ಹತ್ತಿ ಬಟ್ಟೆಗೆ ನೀರಿನ ಆಟದಲ್ಲಿ ಬಿಡಲ್ಲ, ನೈಲಾನ್ ಇಲ್ಲಾ ಲೈಕ್ರಾ ಬೇಕು. ಒಳಗಿನ ಅಂಗಡಿಯಲ್ಲೂ ಸಿಗುತ್ತೆ, ಆದ್ರೆ ಊರಲ್ಲೇ ತಗೊಂಡ್ರೆ ಅಗ್ಗ. ಕನ್ನಡಕ ಹಾಕೋರು ಹಿಂದೆ ಕಟ್ಟೋ ದಾರ ತನ್ನಿ. ನೀರಿನ ಆಟ ಸಂಜೆ ಬೇಗ ಮುಚ್ತಾರೆ, ಬೆಳಗ್ಗೆ ಒಣ ಆಟ, ಮಧ್ಯಾಹ್ನ ನೀರು ಅಂತ ಇಟ್ಕೊಳ್ಳಿ.

ದಾವಣಗೆರೆ_ಬೆಣ್ಣೆ
ಈಗ ತಾನೇ ಅಳೆದೆ. 134. ಮೂರು ಸಲ ಅಳೆಸಿಕೊಂಡ, ಮೂರನೇ ಸಲ ತುದಿಗಾಲಲ್ಲಿ ನಿಂತಿದ್ದ. ಬಾಗಿಲು ಹಾಕ್ಕೊಂಡು ಒಳಗೆ ಕೂತಿದಾನೆ.

ಕೆಂಗೇರಿ_ಕಿಟ್ಟಿ
ದಪ್ಪ ಅಡಿಯ ಶೂ ಹಾಕಿಸಿ ಸಾರ್, ನಡೆಯುತ್ತೆ.

ಕೋಸ್ಟರ್_ಕುಮಾರ
ಕಿಟ್ಟಿ, ಇಂಥ ಸಲಹೆ ಕೊಡಬೇಡ. ಭುಜದ ಮೇಲಿಂದ ಬರೋ ಆ ಕಬ್ಬಿಣದ ತಡೆ ಇದೆಯಲ್ಲ, ಅದು ಒಂದಳತೆಯ ಮೈಗೆ ಅಂತ ಮಾಡಿರೋದು. ಮೈ ಚಿಕ್ಕದಾದ್ರೆ ಭುಜಕ್ಕೂ ತಡೆಗೂ ನಡುವೆ ಸಂದು ಉಳಿಯುತ್ತೆ. ತಲೆಕೆಳಗಾದಾಗ ಮಗು ಆ ಸಂದಿನಷ್ಟು ಜಾರುತ್ತೆ, ಇಲ್ಲಾ ಕಿವಿ, ಕೆನ್ನೆ ತಡೆಗೆ ಬಡಿಯುತ್ತೆ. ಶೂ ಎತ್ತರ ಮಾಡಿದ್ರೆ ಭುಜ ಎತ್ತರ ಆಗಲ್ಲ.

ಕೆಂಗೇರಿ_ಕಿಟ್ಟಿ
ತಮಾಷೆಗೆ ಅಂದೆ ಮಾರಾಯ.

ಎರಡು_ಮಕ್ಕಳ_ತಾಯಿ
ಇಂಥ ತಮಾಷೆಯನ್ನ ನಿಜ ಅಂದ್ಕೊಂಡು ಮಾಡೋ ಅಪ್ಪಂದಿರು ಇದಾರೆ.

ಮಳೆಮಾಪಕ
134 ಅಂದ್ರೆ ಲೆಕ್ಕ ಸುಲಭ ಆಯ್ತಲ್ಲ. ಈ ವರ್ಷ ಬಿಡದಿಗೆ ಹೋದ್ರೆ ಜೋರು ಆಟಗಳೆಲ್ಲ ಬಾಮೈದನ ಪಾಲಿಗೆ, ಮಗ ಕೆಳಗೆ ನಿಂತು ಚಪ್ಪಲಿ ಕಾಯಬೇಕು. ಮುಂದಿನ ಜೂನ್ ಕಳೆದ ಮೇಲೆ ಹೋಗಿ, ಆಗಲೂ ಅಳೆದುಕೊಂಡೇ. ಈ ಸಲ ಮೈಸೂರು.

ಸಕ್ಕರೆ_ಸೀಮೆ
ಅಂಗೇ ಕೆಆರ್‌ಎಸ್ ಬೃಂದಾವನಾನೂ ನೋಡ್ಕ ಬನ್ನಿ. ಅಲ್ಲಿ ಡಿಸ್ನಿಲ್ಯಾಂಡ್ ಮಾಡ್ತೀವಿ, 125 ಅಡಿ ಕಾವೇರಿ ಪ್ರತಿಮೆ ನಿಲ್ಸ್ತೀವಿ ಅಂತ 2018ರಲ್ಲೇ ಸರ್ಕಾರದೋರು ಹೇಳುದ್ರು. ನಮ್ ಕಡೆ ರೈತ್ರು ಆಗ್ಲೂ ಬ್ಯಾಡ ಅಂದ್ರು, ಈಗ್ಲೂ ಬ್ಯಾಡ ಅಂತಾವ್ರೆ. ನಾಲೆ ಕೊನೇಗೆ ನೀರು ಬರಕಿಲ್ಲ, ಇವ್ರಿಗೆ ಜಾರುಬಂಡೆ ಬೇಕಂತೆ.

ಧಾರವಾಡ_ಪೇಢೆ
ನಿಮಗ ಬ್ಯಾಡಾಗಿದ್ರ ನಮ್ಮ ಕಡೆ ಕಳಸ್ರಿ ಅಣ್ಣಾರ. ಕಿತ್ತೂರ ಹತ್ರ ಜಾಗಾ ರಗಡ ಐತಿ.

ಟೀಚರಮ್ಮ
ಅಮ್ಮನ ಬಗ್ಗೆ ಯಾರೂ ಯೋಚನೆ ಮಾಡ್ತಿಲ್ಲ. ಮಂಡಿನೋವು ಇರೋರನ್ನ ಪಾರ್ಕಿನೊಳಗೆ ಇಡೀ ದಿನ ಸುತ್ತಿಸಬೇಡಿ. ನೆರಳಿರೋ ಜಾಗದಲ್ಲಿ ಕೂರಿಸಿ, ಚೀಲಗಳನ್ನೆಲ್ಲ ಅವರ ಸುತ್ತ ಪೇರಿಸಿಟ್ಟು ಎಲ್ಲರೂ ಓಡಿಹೋಗೋದನ್ನ ಪ್ರತಿ ಸಲ ನೋಡ್ತೀನಿ. ಆ ತಾಯಂದಿರಿಗೆ ಬಾತ್‌ರೂಮಿಗೆ ಹೋಗೋಕೂ ಆಗಲ್ಲ, ಸಾಮಾನು ಯಾರು ನೋಡ್ಕೋತಾರೆ? ದುಡ್ಡು ಕೊಟ್ಟು ಲಾಕರ್ ತಗೊಳ್ಳಿ, ಒಬ್ಬೊಬ್ಬರು ಸರದಿ ಮೇಲೆ ಅವರ ಜೊತೆ ಕೂತ್ಕೊಳ್ಳಿ.

ದಾವಣಗೆರೆ_ಬೆಣ್ಣೆ
ಸರಿ, ಮನೇಲಿ ಮತ್ತೆ ಪಂಚಾಯ್ತಿ ಆಯ್ತು. ದಸರಾ ಬೇಡ. ಜನವರಿ ಕೊನೇಲಿ ಒಂದು ಶುಕ್ರವಾರ, ಶನಿವಾರ ಮೈಸೂರು. ಶುಕ್ರವಾರ ಪಾರ್ಕು, ಶನಿವಾರ ಬೆಳಗ್ಗೆ ಬೆಟ್ಟ, ಆಮೇಲೆ ಮೃಗಾಲಯ. ಪಾರ್ಕಿನ ದಿನ ಮಧ್ಯಾಹ್ನದ ತನಕ ಅಮ್ಮ, ನನ್ನಾಕೆ ರೂಮಲ್ಲೇ ಇರ್ತಾರೆ, ಊಟ ಆದ್ಮೇಲೆ ಬರ್ತಾರೆ. ಬಾಮೈದ ಗೆಳೆಯರ ಜೊತೆ ಖೊಪೋಲಿಗೆ ಹೋಗ್ತಾನಂತೆ, ಖರ್ಚು ನಂದಂತೆ.

ಮುಂದಿನ ವರ್ಷ ಬಿಡದಿಗೆ ಕಾರಿಲ್ಲದೆ ಹೋಗಬಹುದಾ, ಅದೊಂದು ಹೇಳಿಬಿಡಿ.

ಕೆಂಗೇರಿ_ಕಿಟ್ಟಿ
ಆರಾಮಾಗಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹತ್ತಿ. 2023ರ ಅಕ್ಟೋಬರಿಂದ ಚಲ್ಲಘಟ್ಟದವರೆಗೂ ಬರುತ್ತೆ, ಆದ್ರೆ ಕೆಂಗೇರೀಲಿ ಇಳಿದ್ರೆ ಬಸ್ ಸಿಗೋದು ಸುಲಭ. ಬಸ್ ಹತ್ತೋ ಮುಂಚೆ ಪಾರ್ಕಿನ ಹತ್ರ ನಿಲ್ಲಿಸ್ತೀರಾ ಅಂತ ಕಂಡಕ್ಟರ್ ಹತ್ರ ಕೇಳಿ ಹತ್ತಿ. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗೋ ಬಸ್ಸಾದ್ರೆ ಸೀದಾ ದಾಟಿ ಹೋಗುತ್ತೆ. ಬಾಡಿಗೆ ಬೈಕ್ ಯೋಚನೆ ಇದ್ರೆ, ಬೈಕು, ಆಟೋಗಳನ್ನ 2023ರ ಆಗಸ್ಟಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬಿಡಲ್ಲ, ಸರ್ವಿಸ್ ರೋಡಲ್ಲೇ ಬರಬೇಕು.

ಬೆಳಗ್ಗೆ ಬಿಡದೀಲಿ ತಟ್ಟೆ ಇಡ್ಲಿ ತಿನ್ನದೆ ಒಳಗೆ ಹೋಗಬೇಡಿ.

ಕೋಸ್ಟರ್_ಕುಮಾರ
ತಟ್ಟೆ ಇಡ್ಲಿ, ಅದರ ಮೇಲೆ ಬೆಣ್ಣೆ ಮುದ್ದೆ, ಆಮೇಲೆ ರಿಕಾಯಿಲ್? ಹಿಂದಿನ ಸೀಟಿನವರ ಗತಿ ಏನು?

ಸಕ್ಕರೆ_ಸೀಮೆ
ಎರಡು ಇಡ್ಲಿ ತಿಂದ್ರೆ ಏನೂ ಆಗಕಿಲ್ಲ. ನಾಕು ತಿಂದು ಕುತ್ಕಂಡ್ರೆ ದೇವ್ರೇ ಕಾಪಾಡ್ಬೇಕು.

ಕುಡ್ಲದ_ಮೀನು
ಕಣ್ಣೂರಿಗೆ ಬನ್ನಿ, ಪುಟ್ಟು-ಕಡಲೆ ತಿಂದು ಆಡಿ. ಅದು ಹೊಟ್ಟೆಯಲ್ಲಿ ಕೂತರೆ ಮತ್ತೆ ಅಲ್ಲಾಡುವುದಿಲ್ಲ.

ನಿರ್ವಾಹಕ
ತಿಂಡಿಯ ಜಗಳಕ್ಕೆ "ಊಟ-ತಿಂಡಿ" ವಿಭಾಗ ಇದೆ. ಪಾರ್ಕಿನ ವಿಷಯ ಇದ್ದರೆ ಮಾತ್ರ ಇಲ್ಲಿ ಬರೆಯಿರಿ.

ಕಲಬುರ್ಗಿ_ತೊಗರಿ
ಪಾರ್ಕಿನ ವಿಷಯನs ಕೇಳ್ತೀನ್ರಿ ಹಂಗಾರ. ಫೆಬ್ರವರಿದಾಗ ರಾಮೋಜಿಗೆ ನಮ್ಮ ಕಡಿಂದ ಎಂಟು ಮಂದಿ ಹೊಂಟೀವಿ. ಒಂದs ದಿನದಾಗ ಅದನ್ನ ಮುಗಿಸಿ ರಾತ್ರಿ ಗಾಡಿ ಹಿಡಿಯಾಕ ಆಗ್ತದನು? ಹೋಗಿ ಬಂದವರು ಹೇಳ್ರಿ.